ಪೆಟ್ರೋಲಿಗೆ ದುಡ್ಡೂ ಕೊಡಬೇಕು, ನಂಬರೂ ಕೊಡಬೇಕಾ?

ಲೀಟರಿಗೆ ನೂರು ದಾಟಿದ ಪೆಟ್ರೋಲ್ ಹಾಕಿಸೋಕೆ ಮೊಬೈಲ್ ನಂಬರ್ ಯಾಕ್ರೀ ಬೇಕು? "ಪಾಯಿಂಟ್ಸ್ ಬರುತ್ತೆ ಸರ್, ನಂಬರ್ ಹೇಳಿ" ಅಂತ ಬಂಕ್‌ನಲ್ಲಿ ಕೇಳೋದು, ಹಿಂದೆ ನಿಂತವರಿಗೆಲ್ಲ ಕೇಳಿಸೋ ಹಾಗೆ ನಾವು ಕೂಗಿ ಹೇಳೋದು. ಸಾಕಾಗಿದೆ!

2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಏರಿಸಿತು, ಒಂದೇ ಏಟಿಗೆ ಲೀಟರಿಗೆ ಸುಮಾರು 3 ರೂಪಾಯಿ. 2025ರ ಏಪ್ರಿಲ್‌ನಲ್ಲಿ ಡೀಸೆಲ್ ತೆರಿಗೆಯೂ ಶೇ. 21.17ಕ್ಕೆ ಏರಿತು, ತರಕಾರಿ ಲಾರಿ ಓಡೋದು ಅದರಲ್ಲೇ. ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ನಿಂತಲ್ಲೇ ಉರಿಯೋದೂ ಈ ರೇಟಿನ ಪೆಟ್ರೋಲೇ.

ಕೊಟ್ಟ ನಂಬರ್ ಎಲ್ಲಿಗೆ ಹೋಗುತ್ತೆ? ಯಾವುದೋ ಕ್ಲೌಡ್‌ಗೆ, ಅಂದ್ರೆ ಇಂಟರ್ನೆಟ್ ಮೂಲಕ ಬಳಸೋ ಬೇರೆಯವರ ಕಂಪ್ಯೂಟರ್‌ಗೆ. ಎಷ್ಟೋ ಕಡೆ ಕಳ್ಳ ಬೀಗ ಒಡೆಯೋ ಅಗತ್ಯವೇ ಇರಲ್ಲ. ಅಲ್ಲಿ ಫೈಲ್‌ಗಳನ್ನು ಇಡೋ ಸ್ಟೋರೇಜ್ ಬಕೆಟ್ಟನ್ನು ಯಾರು ಬೇಕಾದ್ರೂ ನೋಡೋ ಹಾಗೆ 'ಪಬ್ಲಿಕ್' ಅಂತ ಬಿಟ್ಟಿರ್ತಾರೆ, ಒಳಗೆ ಹೋಗೋಕೆ ಬೇಕಾದ ಗುಟ್ಟಿನ ಆಕ್ಸೆಸ್ ಕೀ ಆ್ಯಪ್ ಕೋಡ್ ಒಳಗೇ ಇರುತ್ತೆ, ಕೆಲಸ ಬಿಟ್ಟು ಹೋದವರ ಲಾಗಿನ್ ತೆಗೆದಿರಲ್ಲ, ಟೆಸ್ಟಿಂಗ್‌ಗೆ ಅಂತ ಮಾಡಿದ ಬ್ಯಾಕಪ್ ಎನ್‌ಕ್ರಿಪ್ಟ್ ಆಗದೆ (ಬೇರೆಯವರು ಓದಲಾಗದ ಸಂಕೇತಕ್ಕೆ ಬದಲಾಗದೆ) ವರ್ಷಗಟ್ಟಲೆ ಬಿದ್ದಿರುತ್ತೆ. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು. ಬ್ಯಾಂಕು, ಆಧಾರ್, ಗ್ಯಾಸ್ ಎಲ್ಲಕ್ಕೂ ಜೋಡಿಸಿರೋ ನಂಬರನ್ನು ಎಷ್ಟು ಸಲ ಬದಲಿಸೋದು? ಅಗತ್ಯವಿರುವಷ್ಟೇ ಮಾಹಿತಿ ಪಡೆಯಬೇಕು ಅಂತ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತೆ. ಟ್ಯಾಂಕ್ ತುಂಬಿಸೋಕೆ ನಮ್ಮ ಯಾವ ಮಾಹಿತಿ ಅಗತ್ಯ, ಹೇಳಿ?