ರೇಡಿಯೋ ನಡೆಸುವ ಹೆಂಗಸರನ್ನೂ ಮರೆಯಬೇಡಿ

ಮಾಧ್ಯಮದಲ್ಲಿ ಹೆಂಗಸರ ನಾಯಕತ್ವದ ಬಗೆಗಿನ ನಿಮ್ಮ ಲೇಖನ ಓದಿದೆ. ಟಿವಿಯಲ್ಲಿ ಸುದ್ದಿ ಓದುವ ಹೆಣ್ಣುಮಕ್ಕಳು ಬೇಕಾದಷ್ಟಿದ್ದಾರೆ, ಯಾವ ಸುದ್ದಿ ಹೋಗಬೇಕು ಎಂದು ತೀರ್ಮಾನಿಸುವ ಕುರ್ಚಿಯಲ್ಲಿ ಮಾತ್ರ ಕಡಿಮೆ ಎಂದು ಬರೆದಿದ್ದೀರಿ. ನಿಜ. ಆದರೆ ಲೇಖನ ಪೂರ್ತಿ ಟಿವಿ ಸ್ಟುಡಿಯೋದೊಳಗೇ ಸುತ್ತಿತು. ರೇಡಿಯೋ ಬಿಟ್ಟುಹೋಗಿದ್ದು ನೋಡಿ ಬೇಜಾರಾಯಿತು.

ತೆಲಂಗಾಣದ ಜಹೀರಾಬಾದ್ ಹತ್ತಿರದ ಮಾಚನೂರಿನಲ್ಲಿ ಸಂಘಂ ರೇಡಿಯೋ ಎಂಬ ಸಮುದಾಯ ರೇಡಿಯೋ (ಊರಿನವರೇ ನಡೆಸುವ ಕೇಂದ್ರ) ಇದೆ. ನಮ್ಮ ಬೀದರ್‌ಗೆ ಅದೇನೂ ದೂರವಲ್ಲ. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸ್ವಯಂಸೇವಾ ಸಂಸ್ಥೆಯ ಹಳ್ಳಿ ಸಂಘಗಳ ದಲಿತ ಹೆಣ್ಣುಮಕ್ಕಳು ಕಟ್ಟಿದ ಕೇಂದ್ರ ಅದು. ರೇಡಿಯೋ ತರಂಗಗಳು ಜನರ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ಆದರೂ ಇಂಥ ಸ್ವಯಂಸೇವಾ ಸಂಸ್ಥೆಗಳಿಗೆ ರೇಡಿಯೋ ಲೈಸೆನ್ಸ್ ಕೊಡುವ ನೀತಿ ಬಂದದ್ದು 2006ರಲ್ಲಿ. ಸ್ಟುಡಿಯೋ ಸಿದ್ಧವಿತ್ತು, ರೆಕಾರ್ಡಿಂಗ್ ಕಲಿತಾಗಿತ್ತು, ಪ್ರಸಾರಕ್ಕೆ ಮಾತ್ರ ಅನುಮತಿ ಇರಲಿಲ್ಲ. ವರ್ಷಗಟ್ಟಲೆ ಕಾದರು, ಕೇಳುತ್ತಲೇ ಇದ್ದರು. ಕೊನೆಗೆ 2008ರ ಅಕ್ಟೋಬರ್‌ನಲ್ಲಿ ಪ್ರಸಾರ ಶುರುವಾಯಿತು. ಬಿತ್ತನೆ ಬೀಜ, ಸಿರಿಧಾನ್ಯ, ಹಳ್ಳಿಯ ಹಾಡು, ಎಲ್ಲವೂ ಅವರದೇ ಮಾತಿನಲ್ಲಿ. ಇದು ನಾಯಕತ್ವವೇ ಅಲ್ವಾ?

ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ ಎಂಬ ಸಮುದಾಯ ರೇಡಿಯೋವೂ ಹಾಗೇ. ಲೈಸೆನ್ಸ್ ಸಿಗದ ಕಾಲದಲ್ಲಿ ಅವರು ಸುಮ್ನೆ ಕೂರಲಿಲ್ಲ, ಕೇಬಲ್ ಮೂಲಕ ಮನೆಗಳಿಗೆ ಕಾರ್ಯಕ್ರಮ ಮುಟ್ಟಿಸಿದರು. ಸ್ವಸಹಾಯ ಸಂಘದ ಹೆಂಗಸರೂ ಅದರಲ್ಲಿ ದನಿಗೂಡಿಸಿದರು.

ಮುಂದಿನ ಸಲ ಈ ವಿಷಯ ಬರೆಯುವಾಗ ದಯವಿಟ್ಟು ಇಂಥ ಕಡೆ ಒಮ್ಮೆ ಹೋಗಿ, ಅವರ ಜೊತೆ ಕೂತು ಮಾತಾಡಿ ಬನ್ನಿ.