ಆಲೆಮನೆಗೆ ಸೀಲು ಎಲ್ಲಿಂದ ತರೋಣ?

ಬಿ.ಇಡಿ. ಪ್ರಶಿಕ್ಷಣಾರ್ಥಿಯ ಫೈಲು ಮತ್ತೆ ವಾಪಸ್ ಬಂದಿದೆ. ಎಂಟನೇ ತರಗತಿ ಮಕ್ಕಳನ್ನು ಆಲೆಮನೆಗೆ ಕರೆದೊಯ್ದದ್ದಕ್ಕೆ ಫೋಟೊ ಇದೆ, ದೃಢೀಕರಣ ಪತ್ರವಿದೆ, ಯಜಮಾನರ ಸಹಿಯೂ ಇದೆ. ಸೀಲಿಲ್ಲ!

ಶಾಲೆಗೂ ಸ್ಥಳೀಯ ಉದ್ಯಮಕ್ಕೂ ನಂಟು ಬೆಸೆಯಿರಿ ಅಂತ ಇಂಟರ್ನ್‌ಶಿಪ್ಪಿಗೆ ಬಂದ ಹುಡುಗರಿಗೆ ಹೇಳಿಬಿಡುವುದು ಸುಲಭ. ಮಂಡ್ಯದಲ್ಲಿ ಉದ್ಯಮ ಅಂದರೆ ಎಲ್ಲರೂ 1933ರ ಮೈಷುಗರ್ ಸಕ್ಕರೆ ಕಾರ್ಖಾನೆ ಕಡೆಗೇ ಕೈ ತೋರಿಸುತ್ತಾರೆ. ಶಾಲೆಯ ಕಾಂಪೌಂಡಿನಾಚೆ ಹೊಗೆಯಾಡುವ ಆಲೆಮನೆ ಲೆಕ್ಕಕ್ಕೇ ಇಲ್ಲ. ಅದನ್ನು ಆರಿಸಿಕೊಂಡವರ ಪಾಡು ಕೇಳಿ.

ಪಾಠಯೋಜನೆಯಲ್ಲಿ ಅವಧಿ 40 ನಿಮಿಷ. ಕೊಪ್ಪರಿಗೆಗೆ ಕಬ್ಬಿನ ಹಾಲು ಬಿಟ್ಟ ಮೇಲೆ ಬೆಲ್ಲ ಇಳಿಯಲು ಎರಡೂವರೆ, ಮೂರು ಗಂಟೆ ಬೇಕು. ಬೆಳಗ್ಗೆ ಹತ್ತೂವರೆಗೆ ಹೋದವರಿಗೆ ಸುಣ್ಣ ಹಾಕಿ ಮಡ್ಡಿ ತೆಗೆಯುವುದಷ್ಟೇ ಕಾಣುತ್ತದೆ. ಪಾಕ ಬರುವ ಹೊತ್ತಿಗೆ ಬಿಸಿಯೂಟಕ್ಕೆ ಓಟ. ಮಕ್ಕಳು ಕಂಡದ್ದು ನೊರೆ, ವರದಿಯಲ್ಲಿ ಬರೆದದ್ದು ಬೆಲ್ಲ. ಹಿಂದಿನ ದಿನವೇ ವಿಚಾರಿಸಿಕೊಂಡು, ಒಲೆ ಹೊತ್ತಿಸಿ ಎರಡು ಗಂಟೆಯಾದ ಮೇಲೆ ಹೋಗಬೇಕು. ಒಂದು ಸಲಕ್ಕೆ ಇಪ್ಪತ್ತು ಮಕ್ಕಳು ಸಾಕು. ಗಾಣದ ಬಳಿ ದುಪಟ್ಟಾ ಜೋತಾಡಬಾರದು. ಪಾಕದ ಶಾಖ 115 ಡಿಗ್ರಿ ದಾಟಿರುತ್ತದೆ, ಸಿಡಿದರೆ ಚರ್ಮಕ್ಕೇ ಅಂಟಿಕೊಳ್ಳುತ್ತದೆ. ಎರಡು ಮಾರು ದೂರ ನಿಲ್ಲಿಸಿ.

ಪಾಕ ಬಂದದ್ದು ಹೇಗೆ ಗೊತ್ತಾಗುತ್ತದೆ ಅಂದರೆ ಮುಂದಿನ ಬೆಂಚಿನವರು ನೋಟ್ಸ್ ತಿರುವುತ್ತಾರೆ. ತರಗತಿಯಲ್ಲಿ ಬಾಯಿ ಬಿಡದ ಹುಡುಗ, "ತಣ್ಣೀರಿಗೆ ಒಂದು ತೊಟ್ಟು ಬಿಟ್ರೆ ಉಂಡೆ ಕಟ್ಬೇಕು ಸಾ" ಅನ್ನುತ್ತಾನೆ. ಅವನಪ್ಪ ದಿನಾ ಇಲ್ಲೇ ಒಲೆಗೆ ರಚ್ಚು, ಅಂದರೆ ಒಣಗಿದ ಕಬ್ಬಿನ ಸಿಪ್ಪೆ, ಹಾಕುವವನು. ಅವತ್ತು ಒಂದು ಗಳಿಗೆ ಆ ಹುಡುಗನೇ ಮೇಷ್ಟ್ರು. ಅದನ್ನು ಬರೆಯಲು ಫೈಲಿನಲ್ಲಿ ಕಾಲಂ ಇಲ್ಲ. ಸೀಲಿಗೆ ಮಾತ್ರ ಇದೆ, ಅಂಗೈಯಗಲದ ಚೌಕ.

"ಸೀಲಾ? ಹೆಬ್ಬೆಟ್ಟು ಬೇಕಾದ್ರೆ ಒತ್ಕೊಡ್ತೀನಿ ಕಣವ್ವ" ಅನ್ನುತ್ತಾರೆ ಯಜಮಾನರು. ಕಾಲೇಜು ಒಪ್ಪದು. ಪಂಚಾಯಿತಿಗೆ ಹೋದರೆ ಪಿಡಿಒ ಮೀಟಿಂಗಿನಲ್ಲಿ. ಜಾಣರು ಊರಿನ ಹಾಲಿನ ಡೇರಿಗೆ ಹೋಗಿ ಕಾರ್ಯದರ್ಶಿಯ ಸೀಲು ಹೊಡೆಸಿಕೊಂಡು ಬರುತ್ತಾರೆ. ಬೆಲ್ಲದ ವರದಿಗೆ ಹಾಲಿನ ಸೀಲು! ಅದು ಚಕಾರವಿಲ್ಲದೆ ಪಾಸಾಗುತ್ತದೆ, ನೇರಳೆ ಇಂಕು ಕಂಡರೆ ಆಯಿತು, ಅಕ್ಷರ ಓದುವವರು ಯಾರು? ಪ್ರಾಮಾಣಿಕರು ಪೇಟೆಗೆ ಹೋಗಿ, ಕೈಯಿಂದ ದುಡ್ಡು ಹಾಕಿ, ಯಜಮಾನರ ಹೆಸರಿನಲ್ಲಿ 'ಮಾಲೀಕರು' ಅಂತ ರಬ್ಬರ್ ಸೀಲನ್ನೇ ಮಾಡಿಸುತ್ತಾರೆ. ಅಚ್ಚುಕಟ್ಟಾಗಿ ಒತ್ತಿಸಿಕೊಂಡು ಫೈಲು ಮುಂದಿಟ್ಟರೆ, ಮೇಲ್ವಿಚಾರಕರು ಕನ್ನಡಕ ಏರಿಸಿ ನೋಡಿ ಕೇಳುತ್ತಾರೆ:

"ಇದು ಬಿಳಿ ಹಾಳೆ ಅಲ್ವೇನಮ್ಮಾ? ಲೆಟರ್‌ಹೆಡ್ ಎಲ್ಲಿ?"