ಲೈಟ್ ಕಂಬಕ್ಕೆ ವಾರಸುದಾರರು ಬೇಕಾಗಿದ್ದಾರೆ

ಶಿವಮೊಗ್ಗದ ನಮ್ಮ ಬೀದಿ ಚರಂಡಿಯ ಚಪ್ಪಡಿ ಮುರಿದು ಐದು ತಿಂಗಳಾಯಿತು. ಜಲ್ಲಿ ತಂದ ಲಾರಿಯವನು ರಿವರ್ಸ್ ತಗೊಳ್ಳುವಾಗ ಹಿಂದಿನ ಚಕ್ರ ಹತ್ತಿಸಿಬಿಟ್ಟ. ಚಪ್ಪಡಿ ಎರಡು ಹೋಳು. ಒಂದು ಚರಂಡಿಯೊಳಗೆ ಬಿತ್ತು, ಇನ್ನೊಂದು ಹಲ್ಲು ಕಿರಿದುಕೊಂಡು ಮೇಲೆ ನಿಂತಿತು. ಮಾರನೇ ದಿನ ಯಾರೋ ಪುಣ್ಯಾತ್ಮರು ಆ ಸಂದಿಗೆ ಒಂದು ಅಡಿಕೆ ದಬ್ಬೆ (ಅಡಿಕೆ ಮರ ಸೀಳಿದ ಪಟ್ಟಿ) ಸಿಗಿಸಿ, ತುದಿಗೆ ಹಳೇ ಕೆಂಪು ರವಿಕೆ ಬಟ್ಟೆ ಕಟ್ಟಿದರು. ಮಲೆನಾಡಿನವರಿಗೆ ಅಡಿಕೆ ದಬ್ಬೆಯ ಮಹಿಮೆ ಹೇಳಬೇಕಾ? ಚಪ್ಪರಕ್ಕೂ ಅದೇ, ಬೇಲಿಗೂ ಅದೇ. ಈಗ ನಗರಾಭಿವೃದ್ಧಿಗೂ ಅದೇ.

ಅದೇ ಸುಮಾರಿಗೆ ಪಕ್ಕದ ಕಂಬದ ಲೈಟೂ ಹೋಯಿತು. ಕತ್ತಲಲ್ಲಿ ದಬ್ಬೆಯೂ ಕಾಣಲ್ಲ, ಕೆಂಪು ಬಟ್ಟೆಯೂ ಕಾಣಲ್ಲ. ಪಕ್ಕದ ಮನೆ ಅಕ್ಕನ ಸ್ಕೂಟಿ ಒಂದು ಸಂಜೆ ಅದರೊಳಗೆ ಇಳಿಯಿತು. ಪುಣ್ಯಕ್ಕೆ ಮೊಣಕಾಲು ತರಚಿದ್ದಷ್ಟೇ.

ಕತ್ತಲಿದ್ದ ಕಡೆ ಜನ ಸೇರುವುದು ನಮ್ಮೂರಿನ ರೂಢಿ. ವಾರದೊಳಗೆ ಆ ಮೂಲೆಗೆ ನಾಲ್ಕೈದು ಬೈಕ್ ಬರಲು ಶುರುವಾದವು. ನಮ್ಮ ಬೀದಿಯ ಹುಡುಗರಲ್ಲ. ಮೊದಲು ಬರೀ ನಗು, ಹರಟೆ. ಆಮೇಲೆ ಬಾಟಲಿ. ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ಅವರವರಲ್ಲೇ ಜಗಳ ಹತ್ತಿ, ಒಬ್ಬನ ಕೈ ಇನ್ನೊಬ್ಬನ ಕಾಲರ್ ಮೇಲಿತ್ತು. ನಾನು ಒಳಗಿನಿಂದಲೇ 112ಕ್ಕೆ ಫೋನ್ ಮಾಡಿದೆ. ಹೊರಗೆ ಹೋಗಿ ಬುದ್ಧಿ ಹೇಳುವಷ್ಟು ಧೈರ್ಯ ನನಗಿಲ್ಲ, ಸುಮ್ನೆ ಸುಳ್ಳು ಯಾಕೆ ಹೇಳಲಿ.

ಜೀಪು ಹತ್ತು ಹದಿನೈದು ನಿಮಿಷಕ್ಕೆ ಬಂತು. ಹುಡುಗರು ಅಷ್ಟರಲ್ಲಿ ಪರಾರಿ. ಇಳಿದ ಹೆಡ್ ಕಾನ್‌ಸ್ಟೆಬಲ್ ಟಾರ್ಚ್ ಬಿಟ್ಟು ಸುತ್ತ ನೋಡಿದರು. ಚಪ್ಪಡಿ ನೋಡಿದರು, ದಬ್ಬೆ ನೋಡಿದರು, ತಲೆಯೆತ್ತಿ ಕಂಬ ನೋಡಿದರು. "ಸಾರ್, ಮೊದ್ಲು ಈ ಲೈಟ್ ಹಾಕ್ಸಿ. ಇಲ್ಲಾಂದ್ರೆ ನಾವು ದಿನಾ ಬರ್ಬೇಕಾಗುತ್ತೆ. ಲೈಟ್ ಹಾಕ್ಸೋದು ನಮ್ ಕೈಲಿಲ್ವಲ್ಲ" ಅಂದರು. ಐದು ತಿಂಗಳಲ್ಲಿ ಅಧಿಕಾರದಲ್ಲಿರುವವರೊಬ್ಬರ ಬಾಯಿಂದ ನಾನು ಕೇಳಿದ ಸರಿಯಾದ ಮಾತು ಅದೊಂದೇ.

ಲೈಟ್ ಹಾಕಿಸೋಣ ಅಂತ ಹೊರಟೆ. ಮೊದಲು ಹೋದ ಕಚೇರಿಯಲ್ಲಿ ಕಂಬದ ನಂಬರ್ ಕೇಳಿದರು. ಕಂಬದಲ್ಲಿ ನಂಬರ್ ಇರಲಿಲ್ಲ. "ಹಾಗಾದ್ರೆ ಅದು ಸ್ಮಾರ್ಟ್ ಸಿಟಿ ಸ್ಕೀಮಿನಲ್ಲಿ ಹಾಕಿದ್ದು, ನಮ್ಮ ಲೆಕ್ಕಕ್ಕೆ ಬಂದಿಲ್ಲ" ಅಂದರು. ಎರಡನೇ ಕಚೇರಿಯಲ್ಲಿ "ಸ್ಕೀಮ್ ಮುಗೀತಲ್ಲ ಸಾರ್, ಎಲ್ಲಾ ಹ್ಯಾಂಡ್ ಓವರ್ ಆಗಿದೆ" ಅಂದರು. ಮೂರನೆಯ ಕಡೆ ಒಂದು ಆ್ಯಪ್ ಹೆಸರು ಹೇಳಿ ಕಳಿಸಿದರು. ಆ್ಯಪ್‌ನಲ್ಲಿ ದೂರು ಹಾಕಿದೆ, ಮೂರನೇ ದಿನ 'ಪರಿಹರಿಸಲಾಗಿದೆ' ಅಂತ ಮೆಸೇಜ್ ಬಂತು. ಕತ್ತಲಲ್ಲಿ ನಿಂತುಕೊಂಡೇ ಆ ಮೆಸೇಜ್ ಓದಿದೆ.

ಹಿಂದೆ ಇಂಥ ಕೆಲಸಕ್ಕೆ ಇಷ್ಟು ಅಲೆದಾಟ ಇರಲಿಲ್ಲ. ಬೆಳಿಗ್ಗೆ ಏಳು ಗಂಟೆಗೆ ಕಾರ್ಪೊರೇಟರ್ ಮನೆ ಮುಂದೆ ಹೋಗಿ ನಿಂತರೆ ಆಗ್ತಿತ್ತು. ಈಗ ಕಾರ್ಪೊರೇಟರೇ ಇಲ್ಲ. ನಮ್ಮ ಪಾಲಿಕೆಗೆ ಕೊನೆಯ ಸಲ ಚುನಾವಣೆ ಆದದ್ದು 2018ರ ಆಗಸ್ಟ್ ಕೊನೆಗೆ. ಆ ಕೌನ್ಸಿಲ್ ಅವಧಿ 2023ರ ನವೆಂಬರ್‌ಗೆ ಮುಗಿಯಿತು. ಆಮೇಲೆ ಆಡಳಿತಾಧಿಕಾರಿ. ವಾರ್ಡ್ ವಿಂಗಡಣೆ, ಮೀಸಲಾತಿ ಅಂತ ಎರಡು ಮಳೆಗಾಲ ಕಳೆದವು. ಮೈಸೂರು, ತುಮಕೂರಿನದ್ದೂ ಇದೇ ಕತೆ, ಹಾಗಾಗಿ ನಮಗೊಬ್ಬರಿಗೇ ಅನ್ಯಾಯ ಅಂತಲೂ ಅಳುವ ಹಾಗಿಲ್ಲ. ಸಂವಿಧಾನದ 243-ಯು ವಿಧಿ ಇರುವುದೇ ಇದಕ್ಕೆ. ಐದು ವರ್ಷ ಮುಗಿಯುವ ಮೊದಲೇ ಮುಂದಿನ ಚುನಾವಣೆ ಮುಗಿದಿರಬೇಕು ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಅದು ಜಾರಿಗೆ ಬಂದದ್ದು 1993ರ ಜೂನ್‌ನಲ್ಲಿ. ಯಾವ ಪಕ್ಷದ ಸರ್ಕಾರ ಬಂದರೂ ಈ ಒಂದು ವಿಧಿ ಮಾತ್ರ ಯಾಕೋ ಕಣ್ಣಿಗೆ ಬೀಳಲ್ಲ.

ಯಾಕೆ ಬೀಳಲ್ಲ ಅಂತ ನನಗೊಂದು ಅನುಮಾನ ಇದೆ. ಕಾರ್ಪೊರೇಟರ್ ಇಲ್ಲದಿದ್ದರೆ ಮೇಲಿನವರಿಗೆ ಆರಾಮ. ಗುದ್ದಲಿ ಪೂಜೆಗೆ ಪಾಲುದಾರರಿಲ್ಲ, ಫ್ಲೆಕ್ಸ್‌ನಲ್ಲಿ ಫೋಟೋ ಹಂಚಿಕೊಳ್ಳಬೇಕಿಲ್ಲ, ಸಭೆಯಲ್ಲಿ ಎದ್ದು ನಿಂತು ಕೂಗುವವರಿಲ್ಲ.

ಸಣ್ಣ ಲೆಕ್ಕ ಹೇಳ್ತೀನಿ. 2011ರ ಜನಗಣತಿಯಲ್ಲೇ ನಮ್ಮೂರಿನ ಜನ 3.22 ಲಕ್ಷ. ವಾರ್ಡ್ 35. ಒಂದು ವಾರ್ಡಿಗೆ ಒಂಬತ್ತು ಸಾವಿರ ಚಿಲ್ಲರೆ ಜನ. ಅದರಲ್ಲಿ ಮಕ್ಕಳನ್ನು ಬಿಡಿ, ವೋಟು ಹಾಕದವರನ್ನು ಬಿಡಿ. ನಮ್ಮ ಬೀದಿಯ ನಲವತ್ತು ಮನೆಯ ನೂರಿಪ್ಪತ್ತು ವೋಟು ಅಲ್ಲಿ ದೊಡ್ಡ ಗಂಟು. ಮುರಿದ ಚಪ್ಪಡಿಗೆ ಬೆಲೆ ಬರುವುದು ಅಲ್ಲಿ ಮಾತ್ರ. ಶಾಸಕರ ಲೆಕ್ಕದಲ್ಲಿ ಆ ನೂರಿಪ್ಪತ್ತು ಚಿಲ್ಲರೆ ಕಾಸು. ಸಂಸದರಿಗಂತೂ ಬಿಡಿ, ಬೈಂದೂರಿನ ಕಡಲತೀರದವರೆಗೂ ಕ್ಷೇತ್ರ. ಆಡಳಿತಾಧಿಕಾರಿಗೆ ವೋಟಿನ ಗೊಡವೆಯೇ ಇಲ್ಲ, ವರ್ಗಾವಣೆ ಬಂದರೆ ಹೊರಟರು. ಅವರು ಕೆಟ್ಟವರು ಅಂತಲ್ಲ. ನಮ್ಮ ಬೀದಿಗೆ ಅವರು ಯಾಕೆ ಹೆದರಬೇಕು ಹೇಳಿ?

ಹಾಗಂತ ಕಾರ್ಪೊರೇಟರ್‌ಗಳೆಲ್ಲ ದೇವರಾಗಿದ್ದರಾ? ಅಯ್ಯೋ. ಹುಟ್ಟುಹಬ್ಬಕ್ಕೆ ಸರ್ಕಲ್ ತುಂಬಾ ಫ್ಲೆಕ್ಸ್ ಹಾಕಿಸಿಕೊಂಡವರು, ಬಾಮೈದನ ಹೆಸರಲ್ಲಿ ಕಂಟ್ರಾಕ್ಟ್ ಮಾಡಿಸಿದವರು, ಗೆದ್ದ ಮೇಲೆ ಕಾರಿನ ಗಾಜು ಇಳಿಸದವರು, ಎಲ್ಲರೂ ಇದ್ದರು. ಆದರೆ ಅವರನ್ನು ಬೈಯಬಹುದಿತ್ತು. ಎದುರಿಗೇ ನಿಂತು, ಏಕವಚನದಲ್ಲೇ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ತಗ್ಗಿನ ಬಡಾವಣೆಗಳಿಗೆ ನುಗ್ಗಿದಾಗ ನಾನೇ ಕಣ್ಣಾರೆ ನೋಡಿದ್ದೇನೆ, ಪಂಚೆ ಎತ್ತಿ ಕಟ್ಟಿ ಸೊಂಟಮಟ್ಟ ನೀರಿನಲ್ಲಿ ಚಿತ್ರಾನ್ನದ ಪೊಟ್ಟಣ ತಲೆ ಮೇಲೆ ಹೊತ್ತುಕೊಂಡು ಹೋಗುತ್ತಿದ್ದ ಒಬ್ಬ ಕಾರ್ಪೊರೇಟರನ್ನು. ದಡದಲ್ಲಿದ್ದ ಅಜ್ಜಿ "ನಿನ್ನೆ ಎಲ್ಲಿ ಸತ್ತಿದ್ದೆ?" ಅಂತ ಬೈಯುತ್ತಲೇ ಪೊಟ್ಟಣ ಇಸ್ಕೊಂಡಳು. ಅವರು ನಗುತ್ತಾ ಮುಂದೆ ಹೋದರು. ಆ ಬೈಗುಳ ಈಗ ಯಾವ ಆ್ಯಪ್‌ನಲ್ಲಿ ಅಪ್‌ಲೋಡ್ ಮಾಡೋದು?

ಪೊಲೀಸರ ವಿಷಯಕ್ಕೆ ಬರ್ತೀನಿ. ನಮ್ಮೂರಿನ ಹೆಸರು ಹೊರಗೆ ಹೇಗೆ ಕೆಟ್ಟಿದೆ ಅಂತ ನಿಮಗೆ ಗೊತ್ತು. ಬೆಂಗಳೂರಲ್ಲಿ ಯಾರಿಗಾದರೂ ಶಿವಮೊಗ್ಗ ಅಂದರೆ ಮೊದಲು "ಓ, ಜೋಗ" ಅಂತಿದ್ದರು. ಈಗ "ಮತ್ತೆ ಗಲಾಟೆನಾ?" ಅಂತಾರೆ. 2022ರ ಫೆಬ್ರವರಿಯಲ್ಲಿ ಒಬ್ಬ ಯುವಕನ ಕೊಲೆ, ಅದರ ಹಿಂದೆಯೇ ಕಲ್ಲು, ಬೆಂಕಿ. ಅದೇ ವರ್ಷ ಆಗಸ್ಟ್ 15ಕ್ಕೆ ಅಮೀರ್ ಅಹಮದ್ ಸರ್ಕಲ್‌ನಲ್ಲಿ ಫ್ಲೆಕ್ಸ್ ಗಲಾಟೆ, ಚಾಕು ಇರಿತ. 2023ರ ಅಕ್ಟೋಬರ್ 1ಕ್ಕೆ ರಾಗಿಗುಡ್ಡದಲ್ಲಿ ಕಲ್ಲುತೂರಾಟ. ಪ್ರತಿ ಸಲವೂ ಶಾಲೆಗೆ ರಜೆಯಾ ಇಲ್ಲವಾ ಅಂತ ವಾಟ್ಸಾಪ್ ನೋಡುವುದು, ಗಾಂಧಿ ಬಜಾರಿನಲ್ಲಿ ಅರ್ಧ ಎಳೆದ ಶಟರ್, ಬುಟ್ಟಿಯಲ್ಲೇ ಬಾಡಿದ ಸೇವಂತಿಗೆ. 2024ರ ಜುಲೈನಿಂದ ಹೊಸ ಕಾನೂನು ಬಂದು ನಿಷೇಧಾಜ್ಞೆಯ 144ನೇ ಸೆಕ್ಷನ್ 163 ಆಗಿದೆ. ಆದರೂ ನಮ್ಮೂರಿನ ಎರಡನೇ ಕ್ಲಾಸಿನ ಮಗುವಿಗೂ 'ಒನ್ ಫಾರ್ಟಿ ಫೋರ್' ಅಂದರೇನೇ ಅರ್ಥ ಆಗೋದು.

ಈ ಮೂರೂ ಸಲ ಕಾರ್ಪೊರೇಟರ್‌ಗಳು ಇದ್ದರಲ್ಲ, ಏನು ಕಡಿದು ಕಟ್ಟೆ ಹಾಕಿದರು ಅಂತ ಕೇಳ್ತೀರಿ. ಕೇಳಬೇಕಾದ ಪ್ರಶ್ನೆಯೇ. ತಡೆಯಲು ಆಗಲಿಲ್ಲ. ಕೆಲವರು ತಡೆಯಲು ನೋಡಲೂ ಇಲ್ಲ, ಬದಲಿಗೆ ತುಪ್ಪ ಸುರಿದರು. ಆದರೆ ಮಾರನೇ ದಿನದ ಕೆಲಸ ಒಂದಿರುತ್ತೆ ನೋಡಿ. ಅಂಗಡಿ ಬಾಗಿಲು ತೆಗೆಸುವುದು, ಹಾಲಿನ ಗಾಡಿ ಬೀದಿಯೊಳಗೆ ಬಿಡಿಸುವುದು. ಯಾರದೋ ಮಗನನ್ನು ಗುಂಪಿನಲ್ಲಿ ಎತ್ತಿಕೊಂಡು ಹೋಗಿದ್ದರೆ, "ಇವನು ಆ ಹೊತ್ತಲ್ಲಿ ಮೆಡಿಕಲ್ ಶಾಪಿನ ಕೆಲಸದಲ್ಲಿದ್ದ, ನಂಗೊತ್ತು" ಅಂತ ಸ್ಟೇಷನ್ನಿಗೆ ಹೋಗಿ ಹೇಳುವುದು. ಆ ಕೆಲಸಕ್ಕೆ ಬೀದಿ ಗೊತ್ತಿರುವವರು ಬೇಕು. ಗಣಪತಿ ಹಬ್ಬಕ್ಕೆ, ಈದ್ ಮಿಲಾದ್‌ಗೆ ಮೊದಲು ಶಾಂತಿ ಸಭೆ ಈಗಲೂ ನಡೆಯುತ್ತೆ. ಮುಂದಿನ ಸಾಲಿನ ಕುರ್ಚಿಗಳಲ್ಲಿ ಕೂತವರನ್ನು ನೋಡಿ, ಎಲ್ಲಾ ನನಗಿಂತ ಬಿಳಿ ಕೂದಲು. ಅವರ ಮಾತು ಅವರ ಮನೆ ಮೊಮ್ಮಕ್ಕಳೇ ಕೇಳಲ್ಲ, ಬೈಕ್ ಮೇಲಿನ ಹುಡುಗರು ಕೇಳ್ತಾರಾ?

ಈಗ ಸಂಜೆಯಾದರೆ 'ಏರಿಯಾ ಡಾಮಿನೇಷನ್' ಅಂತ ಪೊಲೀಸರು ಕಾಲ್ನಡಿಗೆಯಲ್ಲಿ ಗಸ್ತು ಹೊಡೆಯುತ್ತಾರೆ. ನನಗೆ ಅದು ಇಷ್ಟ. ಜೀಪಿನಲ್ಲಿ ಕೂತ ಪೊಲೀಸರಿಗಿಂತ ನಡೆಯುವ ಪೊಲೀಸರು ಬೀದಿಗೆ ಹತ್ತಿರ. ಹೆಸರು ಮಾತ್ರ ಯಾಕೋ ಗಂಟಲಲ್ಲಿ ಇಳಿಯಲ್ಲ. ನಮ್ಮ ಏರಿಯಾ ಮೇಲೆ ಡಾಮಿನೇಷನ್ ಯಾಕೆ, ಸುಮ್ನೆ ಗಸ್ತು ಅಂದರೆ ಸಾಲದಾ? ರಾತ್ರಿ ಪ್ರಕಟಣೆಯಲ್ಲಿ ಇಷ್ಟು 'ಲಘು ಪ್ರಕರಣ', ಇಷ್ಟು 'ಐಎಂವಿ ಪ್ರಕರಣ' (ಮೋಟಾರು ವಾಹನ ಕಾಯ್ದೆಯವು) ಅಂತ ಲೆಕ್ಕ ಬರುತ್ತೆ. ಆ ಲೆಕ್ಕದ ಪಕ್ಕದಲ್ಲಿ 'ಗಸ್ತಿನಲ್ಲಿ ಕಂಡ ಕೆಟ್ಟ ಲೈಟು ಇಷ್ಟು' ಅಂತ ಇನ್ನೊಂದು ಕಾಲಂ ಸೇರಿಸಿದರೆ ಚೆನ್ನಾಗಿತ್ತು. ಕತ್ತಲು ಎಲ್ಲೆಲ್ಲಿದೆ ಅಂತ ಅವರಷ್ಟು ಚೆನ್ನಾಗಿ ಯಾರಿಗೆ ಗೊತ್ತು?

ಅಭಿವೃದ್ಧಿ ಆಗಿಲ್ಲ ಅಂತ ನಾನು ಹೇಳ್ತಿಲ್ಲ. ಸೋಗಾನೆಯಲ್ಲಿ 2023ರ ಫೆಬ್ರವರಿ 27ಕ್ಕೆ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು, ಆಗಸ್ಟ್ 31ಕ್ಕೆ ವಿಮಾನ ಬಂತು. 3,200 ಮೀಟರ್ ರನ್‌ವೇ. ನಮ್ಮಮ್ಮನನ್ನು ಒಮ್ಮೆ ಕರ್ಕೊಂಡು ಹೋಗಿದ್ದೆ. ಎಪ್ಪತ್ತರ ಹೆಂಗಸು ಕಿಟಕಿಗೆ ಮೂಗು ಒತ್ತಿಕೊಂಡು ಕೂತಿದ್ದರು. ಸ್ಮಾರ್ಟ್ ಸಿಟಿ ಪಟ್ಟಿಗೆ ನಾವು 2016ರಲ್ಲೇ ಸೇರಿದ್ದು. ಗಬ್ಬು ನಾರುತ್ತಿದ್ದ ಎಷ್ಟೋ ಕನ್ಸರ್ವೆನ್ಸಿಗಳಿಗೆ, ಅಂದರೆ ಮನೆಗಳ ಹಿಂದಿನ ಕಿರು ಓಣಿಗಳಿಗೆ, ಕಲ್ಲು ಹಾಸಿ ಬಣ್ಣ ಬಳಿದರು, ಈಗ ಅಲ್ಲಿ ಮೂಗು ಮುಚ್ಚದೆ ನಡೆಯಬಹುದು. ಆದರೆ ಆ ಕೆಲಸ ಮಾಡಿದ್ದು ಅದಕ್ಕೇ ಅಂತ ಹುಟ್ಟಿದ ಬೇರೆ ಕಂಪನಿ. ಮಿಷನ್ 2025ರ ಮಾರ್ಚ್ 31ಕ್ಕೆ ಮುಗಿಯಿತು. ಕಟ್ಟಿದವರು ಒಬ್ಬರು, ನೋಡಿಕೊಳ್ಳಬೇಕಾದವರು ಇನ್ನೊಬ್ಬರು, ಕೇಳಬೇಕಾದವರ ಕುರ್ಚಿ ಖಾಲಿ. ನನ್ನ ಕಂಬಕ್ಕೆ ನಂಬರ್ ಇಲ್ಲದ್ದು ಹೀಗೆ.

ಭದ್ರಾವತಿಯ ಮಾತು ಇಲ್ಲಿ ಬೇಕಿಲ್ಲ, ಆದರೂ ತಡೆಯಕ್ಕಾಗಲ್ಲ. ಕಾಗದ ಕಾರ್ಖಾನೆ ಎಂಪಿಎಂ ನಿಂತು ವರ್ಷಗಳಾದವು, ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್ ಇವತ್ತೋ ನಾಳೆಯೋ ಅನ್ನುವ ಸ್ಥಿತಿ. ಆ ಊರಿಗೆ 2021ರಲ್ಲಿ ಆರ್‌ಎಎಫ್ (ಗಲಭೆ ಹತ್ತಿಕ್ಕುವ ಕೇಂದ್ರ ಪಡೆ) ಘಟಕಕ್ಕೆ ಶಂಕುಸ್ಥಾಪನೆ ಮಾಡಿದರು. ಹುಡುಗರಿಗೆ ಕೆಲಸ ಕೊಡುತ್ತಿದ್ದ ಊರಿಗೆ ಹುಡುಗರನ್ನು ಚದುರಿಸುವವರು ಬಂದರು. ಗಲಾಟೆಯಾದರೆ ಅವರು ಬೇಕೇ ಬೇಕು, ಗೊತ್ತು. ಆದರೂ ಆ ಕಡೆ ಬಸ್ಸಿನಲ್ಲಿ ಹೋಗುವಾಗ ಹೊಟ್ಟೆಯಲ್ಲಿ ಏನೋ ಒಂಥರಾ.

ಕೊನೆಗೆ ನಮ್ಮ ಹಳೇ ಕಾರ್ಪೊರೇಟರ್ ಸಿಕ್ಕರು, ಟೀ ಅಂಗಡಿಯಲ್ಲಿ. ಚಪ್ಪಡಿ, ಲೈಟು, ಆ್ಯಪ್, ಎಲ್ಲಾ ಕತೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಗ್ಲಾಸ್ ಕೆಳಗಿಟ್ಟರು. "ಮಾರಾಯ್ರೇ, ನಮ್ಮನೆ ಮುಂದಿನ ಲೈಟೇ ಹೋಗಿ ತಿಂಗಳಾಯ್ತು. ಈಗ ನನ್ ಫೋನೂ ಯಾರೂ ಎತ್ತಲ್ಲ" ಅಂದರು. ಇಬ್ಬರೂ ನಕ್ಕೆವು. ಟೀ ದುಡ್ಡು ಅವರೇ ಕೊಟ್ಟರು, ಹಳೇ ಅಭ್ಯಾಸ.

ಇದನ್ನೆಲ್ಲಾ ಬರೆಯಲು ಕೂತದ್ದು ಹೋದ ವಾರವೇ. ಅಷ್ಟರಲ್ಲಿ ಒಂದು ಸಂಜೆ ಲೈಟ್ ಬಂತು! ಯಾರು ಬಂದರು, ಯಾವಾಗ ಹತ್ತಿದರು, ಯಾರಿಗೂ ಗೊತ್ತಿಲ್ಲ. ಬೀದಿಯವರೆಲ್ಲ ಹೊರಗೆ ಬಂದು ನೋಡಿದೆವು. ಕೆಂಪು ರವಿಕೆ ಬಟ್ಟೆ ಆ ಬೆಳಕಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಅವತ್ತಿನಿಂದ ಲೈಟ್ ಉರಿಯುತ್ತಲೇ ಇದೆ. ರಾತ್ರಿಯೂ, ಹಗಲೂ, ಮಟಮಟ ಮಧ್ಯಾಹ್ನವೂ. ಪಕ್ಕದ ಮನೆ ಅಕ್ಕ ಇವತ್ತು ಗೇಟ್ ಹತ್ತಿರ ಬಂದು ಕೇಳಿದರು: "ಇದನ್ನ ಆಫ್ ಮಾಡ್ಸೋಕೆ ಯಾರಿಗೆ ಹೇಳ್ಬೇಕು?"